ಸಣ್ಣಯ್ಯನವರ ಕಾರಿನ ಹೀಟರ್

ಅರಸೀಕೆರೆಯಲ್ಲಿ ನಿಂತು ಕಾರಿಗೆ ಹೀಟರ್ ಬೇಕು ಅಂದವನನ್ನು ಜನ ಮೊದಲು ಮೇಲಿಂದ ಕೆಳಗೆ ನೋಡುತ್ತಾರೆ, ಆಮೇಲೆ ನಗುತ್ತಾರೆ. ಇಲ್ಲಿ ಕಾರಿಟ್ಟವನ ಚಿಂತೆಯೆಲ್ಲ ಗಾಡಿ ಕಾಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದು. ಒಳಗೆ ಕೂತವರನ್ನು ಬೆಚ್ಚಗಿಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರನ್ನು ಯಾರೂ ಕಂಡಿರಲಿಲ್ಲ. ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಸಣ್ಣಯ್ಯನವರು ಆರು ದಿನ ಪೂರ್ತಿ ಊರಿನ ನಗೆಪಾಟಲಾಗಿ ಓಡಾಡಿದ್ದು ಮಾತ್ರ ಆ ಹೀಟರಿಗಾಗಿಯೇ.

ಅವರು ರೈಲ್ವೆ ಪಾರ್ಸೆಲ್ ಆಫೀಸಿನ ಹೆಡ್ ಕ್ಲರ್ಕು. ವಯಸ್ಸು ಐವತ್ತನಾಲ್ಕು, ಕೋಪ ಸದಾ ಮೂಗಿನ ತುದಿಯಲ್ಲಿ. ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನ ಡಾಕ್ಟರೊಬ್ಬರು ಮಾರಿದ ಎಂಬತ್ತೇಳನೇ ಮಾಡೆಲ್ಲಿನ ಬಿಳಿ ಮಾರುತಿ ಕಾರು ಅವರದು. ಮಲೆನಾಡಿನಲ್ಲಿ ಓಡಿದ ಗಾಡಿಯಾದ್ದರಿಂದ ಡಾಕ್ಟರು ಹೀಟರನ್ನು ಮುದ್ದಿನಿಂದ ನೋಡಿಕೊಂಡಿದ್ದರಂತೆ. ಸಣ್ಣಯ್ಯನವರಿಗೆ ಅದೊಂದು ಇದೆ ಎಂಬ ನೆನಪೇ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನೀಲಿಯಿಂದ ಕೆಂಪಿಗೆ ಜಾರುವ ಒಂದು ಸಣ್ಣ ಕಡ್ಡಿ ಇತ್ತು, ಅಷ್ಟೆ. ಅದನ್ನು ಮುಟ್ಟಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಈಗ ಬಂದಿತ್ತು. ಮಗಳು ಮೀನಾಕ್ಷಿ ಬಾಣಂತನಕ್ಕೆ ಬಂದು ಐದನೇ ತಿಂಗಳು ನಡೆಯುತ್ತಿತ್ತು. ಗಂಡು ಮಗು, ಗುಂಡು ಗುಂಡಾಗಿತ್ತು. ಭಾನುವಾರ ಬೆಳಗ್ಗೆ ಒಂಬತ್ತರೊಳಗೆ ಬೇಲೂರಿನಲ್ಲಿ ಗಂಡನ ಮನೆಯ ತೊಟ್ಟಿಲಿಗೆ ಮಗುವನ್ನು ಹಾಕಬೇಕು ಎಂದು ಬೀಗಿತ್ತಿ ಮಾದಮ್ಮ ಕ್ಯಾಲೆಂಡರ್ ನೋಡಿ ಗೊತ್ತುಮಾಡಿದ್ದರು. ಅದನ್ನು ಅವರು ತಾವಾಗಿ ಫೋನ್ ಮಾಡಿ ಹೇಳಲಿಲ್ಲ, ಅಳಿಯ ಸ್ವಾಮಿಯ ಬಾಯಲ್ಲಿ ಹೇಳಿಸಿದರು. ಸಣ್ಣಯ್ಯನವರ ಮನೆಯಲ್ಲಿ ಬುದ್ಧನ ಫೋಟೋ ಬಂದಾಗಿನಿಂದ ರಾಹುಕಾಲ, ಗುಳಿಕಕಾಲಗಳಿಗೆ ಜಾಗವಿರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದರು. ಮಾದಮ್ಮನ ಮಾತಿಗೆ ಎದುರಾಡುವ ಮುಖ ಅವರಿಗೆ ಇರಲಿಲ್ಲ.

ಮುಖ ಯಾಕಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಕಥೆ. ಮೀನಾಕ್ಷಿಯ ಮೊದಲ ಮಗು ಹೆಣ್ಣು. ನಾಲ್ಕು ವರ್ಷದ ಹಿಂದೆ, ಇದೇ ಜನವರಿಯಲ್ಲಿ, ಇದೇ ಐದನೇ ತಿಂಗಳಲ್ಲಿ ಅವಳನ್ನೂ ಕೂಸನ್ನೂ ಬೇಲೂರಿಗೆ ಬಿಟ್ಟುಬಂದವರು ಸಣ್ಣಯ್ಯನವರೇ, ಬೆಳಗಿನ ಮೊದಲ ಬಸ್ಸಿನಲ್ಲಿ. ಆಫೀಸಿನ ಗೆಳೆಯನೊಬ್ಬ ತನ್ನ ವ್ಯಾನು ಕಳಿಸುತ್ತೇನೆ ಅಂದಿದ್ದ. ಬಸ್ಸಿದೆಯಲ್ಲ, ಸುಮ್ಮನೆ ನಿಮಗ್ಯಾಕೆ ತೊಂದರೆ ಎಂದಿದ್ದರು ಇವರು. ಅವರು ಕೂತ ಸೀಟಿನ ಕಿಟಕಿಯ ಗಾಜು ಮೇಲಕ್ಕೇರದೆ ಸಿಕ್ಕಿಕೊಂಡಿತ್ತು. ಜಾವಗಲ್ಲಿನಿಂದ ಹಳೇಬೀಡಿನವರೆಗೆ ಮಂಜಿನ ಗಾಳಿ ಒಂದೇ ಸಮನೆ ನುಗ್ಗಿತ್ತು. ಹದಿನೈದು ದಿನಕ್ಕೆ ಕೂಸು ಹೋಯಿತು. ಮಣ್ಣು ಮಾಡಿದ ದಿನ ಮಾದಮ್ಮ ನೂರು ಜನರ ಎದುರಿಗೆ, ಗಾಳಿ ಹೊಡೆಸಿಕೊಂಡು ತಂದು ನಮ್ಮ ಮಡಿಲಿಗೆ ಹಾಕಿದರು ಅಂದುಬಿಟ್ಟರು. ಸಣ್ಣಯ್ಯನವರು ಸುಮ್ಮನಿರುವ ಜಾತಿಯಲ್ಲ. ನಮ್ಮ ಮನೆಯಲ್ಲಿ ಐದು ತಿಂಗಳು ಕಲ್ಲುಗುಂಡಿನಂತಿದ್ದ ಕೂಸು ನಿಮ್ಮ ಮನೆಗೆ ಬಂದ ಮೇಲೆ ಹೋಯಿತು ಎಂದು ಅವರೂ ಅಂದರು. ಅಲ್ಲಿಗೆ ಬೀಗರ ನಡುವೆ ಮಾತು ಮುಗಿಯಿತು. ಆ ಮನೆಯ ಹೊಸಿಲನ್ನು ಅವರು ಮತ್ತೆ ತುಳಿದಿರಲಿಲ್ಲ.

ಬಾಯಲ್ಲಿ ಹಾಗೆ ಹೇಳಿದರೂ ಒಳಗೆ ಆ ಕಿಟಕಿ ಮಾತ್ರ ಅವರ ಪಾಲಿಗೆ ಮುಚ್ಚಲೇ ಇಲ್ಲ. ಕಾರು ಕೊಂಡದ್ದೇ ಅದಕ್ಕಾಗಿ. ಇನ್ನೊಂದು ಮೊಮ್ಮಗು ಅಂತ ಬಂದರೆ ಬಸ್ಸು ಹತ್ತಿಸುವುದಿಲ್ಲ ಎಂದು ಹಟ ಹಿಡಿದು, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಿದ್ದರು.

ಕಾರಿನ ಗಾಜು ಏರಿಸಿಕೊಂಡರೆ ಸಾಕಲ್ಲ, ಹೀಟರ್ ಯಾಕೆ ಎಂದು ಹೆಂಡತಿ ರುದ್ರಮ್ಮನೂ ಕೇಳಿದರು. ಸೋಮವಾರ ಬೆಳಗ್ಗೆ ಆರೂವರೆಗೆ ಆಕೆಯನ್ನೂ ಕೂರಿಸಿಕೊಂಡು ಕಣಕಟ್ಟೆ ಕಡೆಗೆ ಒಂದು ಸುತ್ತು ಹೋಗಿ ತೋರಿಸಿದರು ಸಣ್ಣಯ್ಯ. ನಾಲ್ಕೂ ಗಾಜು ಮುಚ್ಚಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಇಬ್ಬರ ಉಸಿರಿಗೇ ಮುಂದಿನ ಗಾಜು ಬೆಳ್ಳಗೆ ಮುಸುಕಿತು. ಒರೆಸಿದರೆ ಮತ್ತೆ ಮುಸುಕುತ್ತದೆ. ದಾರಿ ಕಾಣಬೇಕಾದರೆ ಪಕ್ಕದ ಗಾಜು ಇಳಿಸಬೇಕು, ಇಳಿಸಿದರೆ ಮಂಜಿನ ಗಾಳಿ. ಹೀಟರಿನ ಬಿಸಿಗಾಳಿ ಮುಂದಿನ ಗಾಜಿಗೆ ಬಡಿದರೆ ಮಾತ್ರ ಅದು ತಿಳಿಯಾಗುತ್ತದೆ. ಅವರು ಕಡ್ಡಿಯನ್ನು ಕೆಂಪಿನ ತುದಿಗೆ ತಳ್ಳಿ ಫ್ಯಾನ್ ಹಾಕಿದರು. ಐಸ್‌ಕ್ಯಾಂಡಿ ಡಬ್ಬಿ ತೆರೆದಂತೆ ತಣ್ಣನೆ ಗಾಳಿ ಕಾಲಿಗೆ ಬಡಿಯಿತು.

"ಇದಕ್ಕಿಂತ ಬಸ್ಸೇ ವಾಸಿ ಕಣ್ರೀ" ಎಂದುಬಿಟ್ಟರು ರುದ್ರಮ್ಮ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಸಣ್ಣಯ್ಯನವರು ಆಕೆಯನ್ನು ಮನೆ ಮುಂದೆ ಇಳಿಸಿದರು.

ಗಾಡಿ ನೇರ ಉಗ್ರಪ್ಪನ ಗ್ಯಾರೇಜಿಗೆ ಹೋಯಿತು. ಅರಸೀಕೆರೆಯ ಅರ್ಧಕ್ಕರ್ಧ ಕಾರುಗಳ ಹೊಟ್ಟೆ ಕೊಯ್ದು ಹೊಲಿದವನು ಉಗ್ರಪ್ಪ. ಕೈ ಚೆನ್ನಾಗಿದೆ; ಆದರೆ ತನಗೆ ತಿಳಿಯದ್ದು ಎಂಬುದೊಂದು ಪ್ರಪಂಚದಲ್ಲಿದೆ ಎಂದು ಅವನು ಒಪ್ಪಿದವನಲ್ಲ. ಹೀಟರ್ ಅಂದೊಡನೆ, ಸಾರ್ ಕಾಶ್ಮೀರಕ್ಕೆ ಹೊರಟಿರಾ ಎಂದು ಹಲ್ಲು ಕಿರಿದ. ಆಮೇಲೆ ಬಾನೆಟ್ ಎತ್ತಿ, ಇಂಜಿನ್ನಿನ ಬಿಸಿನೀರೇ ಒಂದು ಪೈಪಿನಲ್ಲಿ ಒಳಗಿನ ಹೀಟರ್ ಡಬ್ಬಿಗೆ ಹೋಗಬೇಕು, ಆ ಪೈಪು ತುಕ್ಕು ಕಟ್ಟಿದೆ, ಸಂಜೆಗೆ ಬನ್ನಿ ಎಂದ. ಸಂಜೆಗೆ ಹೋದಾಗ ಕೆಮ್ಮಣ್ಣಿನಂಥ ನೀರು ತುಂಬಿದ ಬಕೆಟ್ಟು ತೋರಿಸಿದ. ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಜೋರಾಗಿ ಗುರುಗುಟ್ಟಿಸಿ, ಒಳಗೆ ಕೈ ಇಡಿ ಸಾರ್ ಎಂದ. ಇಟ್ಟರೆ ಬಿಸಿಗಾಳಿ! ಸಣ್ಣಯ್ಯನವರಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

ಮಂಗಳವಾರ ಬೆಳಗ್ಗೆ ಒಬ್ಬರೇ ಜಾವಗಲ್ ದಾರಿ ಹಿಡಿದರು. ಒಂದು ಕಿಲೋಮೀಟರಿಗೆ ಬಿಸಿ ಬರಲಿಲ್ಲ, ಐದಕ್ಕೂ ಬರಲಿಲ್ಲ. ಹತ್ತನೇ ಕಿಲೋಮೀಟರಿಗೆ ಅವರ ಹಲ್ಲು ಕಟಕಟ ಅನ್ನತೊಡಗಿತು, ಹೀಟರ್ ಮಾತ್ರ ಮಂಜಿಗಿಂತ ತಣ್ಣನೆಯ ಗಾಳಿ ಊದುತ್ತಲೇ ಇತ್ತು. ವಾಪಸು ಬಂದು ಉಗ್ರಪ್ಪನ ಮೇಲೆ ಎಗರಿದರು. ಅವನು ಶಾಂತವಾಗಿ ಗಾಡಿಯನ್ನು ನಿಂತಲ್ಲೇ ಗುರುಗುಟ್ಟಿಸಿ ಕೈ ಇಡಿಸಿದ. ಮತ್ತೆ ಬಿಸಿ!

"ಐತಲ್ಲ ಸಾರ್. ನಿಮ್ಮ ಕೈನೇ ತಣ್ಣಗೈತೆ" ಎಂದ ಉಗ್ರಪ್ಪ.

ಗ್ಯಾರೇಜಿನಲ್ಲಿ ನಿಂತರೆ ಬಿಸಿ, ರಸ್ತೆಗಿಳಿದರೆ ತಣ್ಣಗೆ. ಡಾಕ್ಟರ ಮುಂದೆ ಕೂತ ಕೂಡಲೇ ನೋವು ಮಾಯವಾಗುವ ಹಲ್ಲಿನ ಹಾಗೆ ಆ ಹೀಟರು ಸಣ್ಣಯ್ಯನವರನ್ನು ಸುಳ್ಳುಗಾರನನ್ನಾಗಿ ಮಾಡಿತು. ಬುಧವಾರ ಕಡ್ಡಿಯ ತಂತಿ ತುಂಡಾಗಿದೆ ಎಂದು ಪತ್ತೆಯಾಗಿ, ಸೈಕಲ್ಲಿನ ಬ್ರೇಕ್ ವೈರು ಹಾಕಿದ್ದಾಯಿತು. ಗುರುವಾರ ಹೀಟರ್ ಡಬ್ಬಿಯನ್ನೇ ಕಿತ್ತು ರೇಡಿಯೇಟರ್ ಬೆಸುಗೆಯವನ ಹತ್ತಿರ ಕಳಿಸಿ, ಎರಡು ತೂತು ಮುಚ್ಚಿಸಿದ್ದಾಯಿತು. ಶುಕ್ರವಾರ ಫ್ಯಾನಿನ ಮೋಟಾರು ಬಿಚ್ಚಿದರು. ಪ್ರತಿ ಸಂಜೆಯೂ ಗ್ಯಾರೇಜಿನಲ್ಲಿ ಬಿಸಿ, ಪ್ರತಿ ಬೆಳಗ್ಗೆಯೂ ಜಾವಗಲ್ ರಸ್ತೆಯಲ್ಲಿ ತಣ್ಣಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ನಡೆಯಿತು ರಿಪೇರಿ. ಆಫೀಸಿನಲ್ಲಿ ಹುಡುಗರು, ಸಾರ್ ಕಂಬಳಿ ಪಾರ್ಸೆಲ್ ಬಂದಿದೆ, ನಿಮ್ಮ ಗಾಡಿಗೆ ಹೊದಿಸಲು ಬೇಕೇ ಎನ್ನುತ್ತಿದ್ದರು. ಬೇರೆ ವಾರವಾಗಿದ್ದರೆ ಅವರೂ ನಗುತ್ತಿದ್ದರು. ಈ ವಾರ ರಿಜಿಸ್ಟರನ್ನು ಮೇಜಿನ ಮೇಲೆ ಎತ್ತಿ ಕುಕ್ಕಿದರು.

ಮನೆಯಲ್ಲಂತೂ ಅವರನ್ನು ಮಾತಾಡಿಸುವಂತಿರಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾದರೂ ಅದು ಹೀಟರಿನ ತಪ್ಪೇ ಎಂಬಂತೆ ರೇಗುತ್ತಿದ್ದರು. ಮೀನಾಕ್ಷಿ ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಸ್ಕಾರ್ಫು ಬಿಗಿದುಕೊಂಡು, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಟ್ಟ ಕೋಣೆಯಲ್ಲಿ ಕೂತು ಅಪ್ಪನ ಕೂಗಾಟ ಕೇಳುತ್ತಿದ್ದಳು. ಗುರುವಾರ ಒಮ್ಮೆ, ಎರಡು ಶಾಲು ಹೊದಿಸಿದರೆ ಸಾಕು ಅಪ್ಪ, ಬಿಟ್ಟುಬಿಡಿ ಎಂದಳು. ನಿನಗೇನು ಗೊತ್ತು ಸುಮ್ಮನಿರಮ್ಮ, ಈ ಸಲ ಆ ಹೆಂಗಸಿನ ಬಾಯಿಗೆ ನಾನು ಬೀಳುವುದಿಲ್ಲ ಎಂದರು ಅಪ್ಪ. ಅವಳು ಏನೋ ಹೇಳಲು ಹೋಗಿ ಮಗುವನ್ನು ಎತ್ತಿಕೊಂಡು ಆ ಕಡೆ ತಿರುಗಿದಳು.

ಶನಿವಾರ ಮಧ್ಯಾಹ್ನ ಆಫೀಸಿಗೆ ರಜೆ ಹಾಕಿ ಗ್ಯಾರೇಜಿನಲ್ಲೇ ಠಿಕಾಣಿ ಹೂಡಿದರು. ಉಗ್ರಪ್ಪನಿಗೂ ಸಾಕಾಗಿತ್ತು, ಬಿಚ್ಚಲು ಇನ್ನೇನೂ ಉಳಿದಿರಲಿಲ್ಲ. ಆ ಹೊತ್ತಿಗೆ ಲಾರಿಯ ಸ್ಪ್ರಿಂಗ್ ಪಟ್ಟಾ ಸರಿಮಾಡಿಸಲು ಕೆಂಚಪ್ಪ ಬಂದ. ಮೂವತ್ತು ವರ್ಷದಿಂದ ಅರಸೀಕೆರೆಯ ಕೊಬ್ಬರಿಯನ್ನು ದಿಲ್ಲಿಗೆ ಹೊತ್ತು ಹಾಕುತ್ತಿರುವ ಡ್ರೈವರು ಅವನು. ಬೆಂಚಿನ ಮೇಲೆ ಕೂತು ಬೀಡಿ ಹಚ್ಚಿ, ಇಬ್ಬರ ಜಗಳವನ್ನೂ ಪೂರ್ತಿ ಕೇಳಿದ. ಆಮೇಲೆ ಎದ್ದು ಕಾರಿನೊಳಗೆ ತಲೆ ಹಾಕಿ, ಓಡುವಾಗ ಟೆಂಪರೇಚರ್ ಮುಳ್ಳು ಎಲ್ಲಿರುತ್ತೆ ಸಾರ್ ಎಂದ.

ಈ ಒಂದು ಪ್ರಶ್ನೆಗೆ ಸಣ್ಣಯ್ಯನವರ ಹತ್ತಿರ ಎದೆ ಉಬ್ಬಿಸುವ ಉತ್ತರವಿತ್ತು. ಮುಳ್ಳು ಕೆಳಗಿನ ಗೆರೆ ಬಿಟ್ಟು ಏಳುವುದೇ ಇಲ್ಲ, ನನ್ನ ಗಾಡಿ ಎರಡು ವರ್ಷದಲ್ಲಿ ಒಂದು ದಿನ ಕಾದಿಲ್ಲ ಎಂದರು. ಊರೆಲ್ಲ ಅವರು ಸಾರಿಕೊಂಡು ಬಂದ ಮಾತದು.

"ಮತ್ತೆ ಇಂಜಿನ್ನೇ ಕಾಯದಿದ್ರೆ ಹೀಟರ್ ಎಲ್ಲಿಂದ ಕಾಯ್ತೈತೆ ಸಾರ್?" ಎಂದ ಕೆಂಚಪ್ಪ. ಆಮೇಲೆ ಉಗ್ರಪ್ಪನ ಕಡೆ ತಿರುಗಿದ. "ವಾಲ್ವು ಕಿತ್ತಾಕಿದ್ದೀಯೇನ್ಲಾ?"

ಉಗ್ರಪ್ಪನ ಮುಖ ಹುಳ್ಳಗಾಯಿತು. ವಿಷಯ ಇಷ್ಟೇ. ಇಂಜಿನ್ನಿನ ನೀರು ಚೆನ್ನಾಗಿ ಕಾಯುವವರೆಗೂ ಅದು ರೇಡಿಯೇಟರಿಗೆ ಹೋಗಿ ತಣಿಯದಂತೆ ತಡೆಯುವ ಒಂದು ಸಣ್ಣ ಹಿತ್ತಾಳೆ ವಾಲ್ವು ಪ್ರತಿ ಕಾರಿನಲ್ಲೂ ಇರುತ್ತದೆ. ನಮ್ಮ ಬಯಲುಸೀಮೆಯ ಮೆಕ್ಯಾನಿಕ್ಕುಗಳಿಗೆ ಅದು ಕಂಡರಾಗದು. ಗಾಡಿ ಕೈಗೆ ಬಂತೋ, ಮೊದಲು ಅದನ್ನು ಕಿತ್ತೆಸೆದು, ಇನ್ನು ನಿಮ್ಮ ಗಾಡಿ ಜನ್ಮದಲ್ಲಿ ಕಾಯುವುದಿಲ್ಲ ಹೋಗಿ ಎಂದು ಆಶೀರ್ವಾದ ಮಾಡುತ್ತಾರೆ. ಸಣ್ಣಯ್ಯನವರ ಕಾರಿಗೂ ಮೊದಲ ಬೇಸಿಗೆಯಲ್ಲೇ ಆ ಆಶೀರ್ವಾದ ಆಗಿತ್ತು. ನಿಂತ ಗಾಡಿ ಹೇಗೋ ಕಾಯುತ್ತಿತ್ತು. ಓಡತೊಡಗಿದ ಕೂಡಲೇ ಎದುರುಗಾಳಿ ರೇಡಿಯೇಟರಿಗೆ ಬಡಿದು ನೀರೆಲ್ಲ ತಣ್ಣಗಾಗುತ್ತಿತ್ತು. ಆರು ದಿನ ಬಿಚ್ಚಿದ್ದು, ಕಟ್ಟಿದ್ದು, ಬೆಸೆದದ್ದು ಎಲ್ಲ ಮೂಲ ರೋಗ ಇಲ್ಲದ ಕಡೆಯೇ.

"ನೀನೇ ಕಿತ್ತು, ನೀನೇ ಆರು ದಿನ ಹುಡುಕಿದೆಯಲ್ಲೋ" ಎಂದು ಸಣ್ಣಯ್ಯನವರು ಕೈಯೆತ್ತಿಕೊಂಡೇ ಹೋದರು. ಉಗ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಅವತ್ತು ವಾಲ್ವು ತೆಗೆದದ್ದಕ್ಕೆ ನೀವೇ ಅಲ್ಲವಾ ಸಾರ್ ಖುಷಿಯಾಗಿ ಬಾದಾಮಿ ಹಾಲು ಕುಡಿಸಿದ್ದು ಎಂದ. ಸುಳ್ಳಲ್ಲ, ಕುಡಿಸಿದ್ದರು. ಅಷ್ಟೇ ಅಲ್ಲ, ಇನ್ನೂ ಮೂರು ಜನರನ್ನು ಕರೆತಂದು ಅವರ ಕಾರುಗಳ ವಾಲ್ವನ್ನೂ ಕೀಳಿಸಿದ್ದರು. ಎತ್ತಿದ ಕೈ ಎಲ್ಲಿ ಇಳಿಸಬೇಕೆಂದು ತಿಳಿಯದೆ ತಮ್ಮ ತಲೆಯ ಮೇಲೇ ಇಟ್ಟುಕೊಂಡು ಬೆಂಚಿನಲ್ಲಿ ಕುಸಿದರು.

ಸರಿ, ಒಂದು ವಾಲ್ವು ತಂದು ಹಾಕಿದರೆ ಮುಗಿಯಿತಲ್ಲ ಎಂದುಕೊಂಡರೆ ಅದೆಲ್ಲಿ ಸಿಗಬೇಕು! ಊರಿನಲ್ಲಿ ಎಲ್ಲರೂ ಕಿತ್ತು ಎಸೆಯುವ ಸಾಮಾನನ್ನು ಯಾವ ಅಂಗಡಿಯವನು ತರಿಸಿಟ್ಟಾನು? ಬಿ.ಎಚ್. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದರು. ಒಬ್ಬ ಅದರ ಹೆಸರನ್ನೇ ಎರಡು ಸಲ ಕೇಳಿದ. ಇನ್ನೊಬ್ಬ, ಹದಿನೆಂಟು ವರ್ಷದಿಂದ ಅಂಗಡಿ ಇಟ್ಟಿದ್ದೇನೆ, ಇದನ್ನು ತೆಗೆದು ಬಿಸಾಕಿ ಅಂದವರನ್ನು ಕಂಡಿದ್ದೇನೆ, ಕೊಡಿ ಅಂದವರಲ್ಲಿ ನೀವೇ ಮೊದಲಿಗರು ಎಂದು ಕೈ ಮುಗಿದ. ಹಾಸನಕ್ಕೆ ಫೋನ್ ಮಾಡಿದರೆ ಸೋಮವಾರ ತರಿಸಿಕೊಡುತ್ತೇನೆ ಎಂಬ ಉತ್ತರ ಬಂತು. ಸಂಜೆ ಆರಕ್ಕೆ ಸಣ್ಣಯ್ಯನವರು ಬರಿಗೈಯಲ್ಲಿ ಗ್ಯಾರೇಜಿಗೆ ಮರಳಿದರು.

ಕೆಂಚಪ್ಪ ಇನ್ನೂ ಅಲ್ಲೇ ಇದ್ದ. ದಿಲ್ಲಿ ಕಡೆ ಪುಷ್ಯ ಮಾಸದ ಚಳಿಯಲ್ಲಿ ಡ್ರೈವರುಗಳು ಏನು ಮಾಡುತ್ತಾರೆ ಗೊತ್ತಾ ಸಾರ್ ಎಂದವನೇ, ತನ್ನ ಲಾರಿಯಿಂದ ಕೊಬ್ಬರಿ ತುಂಬುವ ಒಂದು ಖಾಲಿ ಗೋಣಿಚೀಲ ಎಳೆದ. ಅದನ್ನು ನಾಲ್ಕು ಮಡಿಕೆ ಮಾಡಿ, ಕಾರಿನ ಮೂತಿಯಲ್ಲಿ ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯ ಮುಕ್ಕಾಲು ಭಾಗಕ್ಕೆ ಅಡ್ಡ ಹಿಡಿದು, ತೆಂಗಿನ ನಾರಿನ ಹಗ್ಗದಿಂದ ಬಿಗಿದ. ಗಾಳಿ ಬಡಿಯದಿದ್ದರೆ ನೀರು ತಾನೇ ಕಾಯುತ್ತದೆ. ಮುಳ್ಳು ನಡುಗೆರೆ ದಾಟಿದರೆ ಮಾತ್ರ ನಿಲ್ಲಿಸಿ ಬಿಚ್ಚಿಬಿಡಿ ಎಂದು ಎಚ್ಚರಿಕೆ ಹೇಳಿದ. ಒಕ್ಕಣೆಯಲ್ಲಿ ಬಾಯಿಗೆ ಕುಕ್ಕೆ ಕಟ್ಟಿಸಿಕೊಂಡ ಎತ್ತಿನ ಹಾಗೆ ಕಾಣುತ್ತಿತ್ತು ಕಾರು. ಇಂಥ ಅವತಾರದಲ್ಲಿ, ನಾಲ್ಕು ವರ್ಷದ ಮೇಲೆ, ಮಾದಮ್ಮನ ಬಾಗಿಲಿಗೆ ಹೋಗಬೇಕೇ ಎಂದು ಸಣ್ಣಯ್ಯನವರಿಗೆ ಅಳು ಬರುವಂತಾಯಿತು. ಆದರೂ ಸುಮ್ಮನೆ ಮನೆಗೆ ತಂದರು.

ಭಾನುವಾರ ಆರೂವರೆಗೆ ಹೊರಟರು. ರುದ್ರಮ್ಮ ಮುಂದೆ, ಮೀನಾಕ್ಷಿ ಹಿಂದಿನ ಸೀಟಿನಲ್ಲಿ. ಮಗು ಉಣ್ಣೆಯ ಟೋಪಿ, ಸ್ವೆಟರು, ಎರಡು ಶಾಲುಗಳ ಒಳಗೆಲ್ಲೋ ಇತ್ತು. ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಊರಾಚೆಯ ತೆಂಗಿನ ತೋಟಗಳು ಮಂಜಿನಲ್ಲಿ ಮುಳುಗಿದ್ದವು. ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಳ್ಳು ಕೆಳಗಿನ ಗೆರೆ ಬಿಟ್ಟು ಮೆಲ್ಲಗೆ ಎದ್ದಿತು. ಎರಡು ವರ್ಷದಲ್ಲಿ ಅದು ಎದ್ದದ್ದನ್ನು ಕಂಡೇ ಇರದ ಸಣ್ಣಯ್ಯನವರು ಒಮ್ಮೆ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಜಾವಗಲ್ ಬರುವಷ್ಟರಲ್ಲಿ ಕಾಲಬುಡದಿಂದ ಬೆಚ್ಚನೆ ಗಾಳಿ ಬಂತು. ಮುಂದಿನ ಗಾಜಿನ ಮುಸುಕು ಕೆಳಗಿನಿಂದ ಮೇಲಕ್ಕೆ ಕರಗುತ್ತಾ ಹೋಗಿ ದಾರಿ ತಿಳಿಯಾಗಿ ಕಂಡಿತು. ನೋಡಿದೆಯಾ ರುದ್ರ ಎಂದರು. ಆರು ದಿನದಲ್ಲಿ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

ಹಳೇಬೀಡು ಇನ್ನು ಮೂರು ಕಿಲೋಮೀಟರಿದೆ ಎನ್ನುವಾಗ ಹಿಂದಿನಿಂದ ಮೀನಾಕ್ಷಿ, ಅಪ್ಪ, ಸ್ವಲ್ಪ ಗಾಜು ಇಳಿಸಲಾ ಎಂದಳು. ಅವಳ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ಸಣ್ಣಯ್ಯನವರು ಬೆಚ್ಚಿಬಿದ್ದರು. ಇಷ್ಟೆಲ್ಲ ಒದ್ದಾಡಿದ್ದು ಯಾಕೆ ಅಂತ ತಿಳಿದಿದ್ದೀಯ, ಆ ಸಲದ ಹಾಗೆ ಆಗಬೇಕಾ, ಆ ಗಾಜಿಗೆ ಕೈ ಹಚ್ಚಿದರೆ ನೋಡು ಎಂದು ಕೂಗಿದರು. ಮಗು ಬೆದರಿ ಅಳತೊಡಗಿತು. ಅದನ್ನು ಸಮಾಧಾನ ಮಾಡುತ್ತಾ ಮೀನಾಕ್ಷಿಯೂ ಅಳುತ್ತಿದ್ದಳು.

"ಆ ಸಲ ಗಾಳಿಯಿಂದ ಆಗಿದ್ದಲ್ಲ ಅಪ್ಪ" ಎಂದಳು. "ಅದರ ಹಾರ್ಟಲ್ಲೇ ತೂತಿತ್ತು. ಹಾಸನದ ಡಾಕ್ಟ್ರು ಮೂರನೇ ತಿಂಗಳಲ್ಲೇ ಹೇಳಿದ್ರು."

ಸಣ್ಣಯ್ಯನವರು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಇಂಜಿನ್ ಬಂದ್ ಮಾಡಲು ಮರೆತರು. ಮೀನಾಕ್ಷಿ ತಲೆಯೆತ್ತದೆ, ತಡೆತಡೆದು ಹೇಳಿದಳು. ಇಂಜೆಕ್ಷನ್ ಹಾಕಿಸಬೇಕು ಎಂದು ಸ್ವಾಮಿ ಬಂದು ಹಾಸನಕ್ಕೆ ಕರೆದುಕೊಂಡು ಹೋಗಿದ್ದ ದಿನ ಗೊತ್ತಾದದ್ದು. ಮಗು ಸ್ವಲ್ಪ ಬಲಿತ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಬಹುದು ಎಂದಿದ್ದರಂತೆ. ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ, ನಮ್ಮಮ್ಮನಿಗೆ ಗೊತ್ತಾದರೆ ಹೆಣ್ಣಿನ ಕಡೆಯ ರಕ್ತವೇ ಸರಿಯಿಲ್ಲ ಅಂದುಬಿಡುತ್ತಾಳೆ, ನೀನು ಆ ಮನೆಯಲ್ಲಿ ಬಾಳುವುದೇ ಕಷ್ಟವಾಗುತ್ತದೆ ಎಂದು ಸ್ವಾಮಿ ಆಣೆ ಹಾಕಿಸಿಕೊಂಡಿದ್ದ. ಅಷ್ಟರಲ್ಲಿ ಕೂಸು ಹೋಯಿತು. ಅತ್ತೆ ಗಾಳಿ ಅಂದರು, ಇವರಿಬ್ಬರೂ ಸುಮ್ಮನಾದರು. ಈ ಮಗುವನ್ನು ಹುಟ್ಟಿದ ವಾರವೇ ತೋರಿಸಿದ್ದಾರೆ, ಇದಕ್ಕೆ ಏನೂ ಇಲ್ಲ ಎಂದು ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ಗಟ್ಟಿಯಾಯಿತು.

"ಗಾಳಿ ಅಂದ್ರೆ ಯಾರ ತಪ್ಪೂ ಆಗಲ್ಲ ಅಂದ್ಕೊಂಡೆ ಅಪ್ಪ. ನಿಮ್ಮ ತಲೆಗೇ ಬರುತ್ತೆ ಅಂತ ಆಗ ಹೊಳೀಲಿಲ್ಲ. ಬಂದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ. ನಿನ್ನೆ ಗೋಣಿಚೀಲ ಕಟ್ಕೊಂಡು ಬಂದ್ರಲ್ಲ, ಆಗಿಂದ ನನ್ನ ಕೈಲಿ ತಡ್ಕೊಳಕ್ಕೆ ಆಗ್ತಿಲ್ಲ."

ರುದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಸಣ್ಣಯ್ಯನವರು ಬಾಗಿಲು ತೆರೆದು ಕೆಳಗಿಳಿದರು. ರಾಗಿ ಕೊಯ್ದ ಹೊಲದ ಬದುವಿನ ತನಕ ನಡೆದು ಹೋದರು, ತಿರುಗಿ ಬಂದರು, ಮತ್ತೆ ಹೋದರು. ಯಾರ ಮೇಲೆ ರೇಗಬೇಕೆಂದೇ ಅವರಿಗೆ ತಿಳಿಯಲಿಲ್ಲ. ಉಗ್ರಪ್ಪನ ಮೇಲಾದರೆ ಕೈಯೆತ್ತಬಹುದಿತ್ತು. ರಾತ್ರಿ ನಿದ್ದೆಗೆಟ್ಟು ಆ ಬಸ್ಸಿನ ಕಿಟಕಿಯನ್ನು ಮನಸ್ಸಿನಲ್ಲೇ ಎಷ್ಟು ಸಲ ಎಳೆದಿದ್ದರೋ ಲೆಕ್ಕವಿಲ್ಲ. ಆ ಕಿಟಕಿಗೂ ಕೂಸಿಗೂ ಸಂಬಂಧವೇ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಾರಿನ ಕಿಟಕಿಗೆ ಬಂದು ಮಗಳ ಮುಖ ನೋಡಿ, "ನಾಲ್ಕು ವರ್ಷ ಕಣಮ್ಮ" ಎಂದರು. ಅವಳು ಹೂಂ ಎಂದಳು. ಅವರು ಕೂತು ಗಾಡಿ ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ, ಹಿಂದಕ್ಕೆ ತಿರುಗದೆಯೇ, ಬೇಕಾದರೆ ಎರಡು ಬೆರಳಷ್ಟು ಗಾಜು ಇಳಿಸಿಕೋ ಎಂದರು. ಮೀನಾಕ್ಷಿ ಇಳಿಸಿದಳು.

ಬೇಲೂರಿನ ದಾರಿಯುದ್ದಕ್ಕೂ ಸಣ್ಣಯ್ಯನವರು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದರು. ಮಾದಮ್ಮ ನೂರು ಜನರ ಎದುರಿಗೆ ಅಂದದ್ದನ್ನು ಇವತ್ತು ನೆಂಟರ ಎದುರಿಗೇ ವಾಪಸು ಮಾಡಬೇಕು. ನಿಮ್ಮ ಮಗನನ್ನೇ ಕೇಳಿ ತಾಯಿ, ಅವನಿಗೆ ಗೊತ್ತಿತ್ತು ಅನ್ನಬೇಕು. ಒಂದೇ ಒಂದು ವಾಕ್ಯ ಸಾಕಾಗಿತ್ತು.

ಎಂಟು ಗಂಟೆಗೆ ಕಾರು ಮನೆ ಮುಂದೆ ನಿಂತಿತು. ಆರತಿ ತಟ್ಟೆ ಹಿಡಿದು ಹೆಂಗಸರು ಬಾಗಿಲಲ್ಲಿದ್ದರು. ರುದ್ರಮ್ಮ ಇಳಿದು ಅವರ ಕಡೆ ಹೋದರು. ಮಾದಮ್ಮ ಮಾತ್ರ ನೇರ ಕಾರಿನ ಹತ್ತಿರ ಬಂದು, ಹಿಂದಿನ ಬಾಗಿಲು ತೆರೆದು ಮಗುವಿನ ಕೆನ್ನೆ ಮುಟ್ಟಿದರು. ಪಾದ ಮುಟ್ಟಿದರು. ಕಾರಿನೊಳಗೆ ಕೈ ಆಡಿಸಿದರು. ಆ ಒಣಗಿದ ಮುಖ ಹೇಗೋ ಆಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಸಣ್ಣಯ್ಯನವರ ಕಡೆ ತಿರುಗಿ, "ಈ ಸಲ ಬೆಚ್ಚಗೆ ತಂದ್ರಿ ಬೀಗ್ರೇ" ಎಂದರು.

ಈ ಸಲ! ಸಣ್ಣಯ್ಯನವರ ಕಿವಿ ಕಾದವು. ಜೋಡಿಸಿಟ್ಟ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮೀನಾಕ್ಷಿ ಮಗುವನ್ನು ಎದೆಗವಚಿಕೊಂಡು ಇಳಿದು ನಿಂತಿದ್ದಳು; ಅವಳ ಮುಖ ಬಿಳಿಚಿಕೊಂಡಿತ್ತು. ಬಾಗಿಲಿನಲ್ಲಿ ಸ್ವಾಮಿ ಹೆಂಡತಿಯ ಮುಖ ನೋಡಿದವನೇ ಎಲ್ಲ ಅರ್ಥವಾದವನಂತೆ ನಿಂತಲ್ಲೇ ನಿಂತ. ಅಪ್ಪ ಎಂದು ಮೀನಾಕ್ಷಿ ಬಾಯಿ ತೆರೆದಳು. ನಾನೇ ಹೇಳಿಬಿಡುತ್ತೇನೆ ಎಂಬುದು ಅವಳ ಕಣ್ಣಲ್ಲಿತ್ತು. ಈ ಮನೆಯಲ್ಲಿ ನಾಳೆಯಿಂದ ಇರಬೇಕಾದವಳು ಅವಳು, ತಾನಲ್ಲ ಎಂಬುದು ಸಣ್ಣಯ್ಯನವರಿಗೆ ಆಗ ಹೊಳೆಯಿತು.

"ಹೂಂ ಕಣಮ್ಮ" ಎಂದರು ಮಾದಮ್ಮನಿಗೆ. "ಆ ಸಲ ನನ್ನಿಂದ ತಪ್ಪಾಯ್ತು. ಬಸ್ಸಲ್ಲಿ ತರಬಾರದಿತ್ತು."

ಇಷ್ಟು ವರ್ಷ ಯಾರು ಎಷ್ಟು ಹೇಳಿದರೂ ಒಪ್ಪದ ತಪ್ಪನ್ನು, ತನ್ನದಲ್ಲ ಎಂದು ತಿಳಿದ ಒಂದು ಗಂಟೆಯೊಳಗೆ ಒಪ್ಪಿಕೊಂಡುಬಿಟ್ಟರು. ಹಲ್ಲು ಕಚ್ಚಿಕೊಂಡೇ ಹೇಳಿದರು, ಸಂತನಂತೆ ಹೇಳಲಿಲ್ಲ. ಮಾದಮ್ಮ ಕಣ್ಣೊರೆಸಿಕೊಂಡು, ನಾನೂ ಸಂಕಟದಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ, ಒಳಗೆ ಬನ್ನಿ ಎಂದರು. ಬೀಗರ ಕಾಲಿಗೆ ನೀರು ಕೊಡೋ ಎಂದು ಮಗನನ್ನು ಕೂಗಿದರು.

ಸ್ವಾಮಿ ಚೊಂಬಿನಲ್ಲಿ ನೀರು ತಂದ. ಪದ್ಧತಿಯಂತೆ ಅದನ್ನು ಕೈಗೆ ಕೊಟ್ಟು ಸರಿದು ನಿಲ್ಲಬೇಕಿತ್ತು. ಅವನು ಕೊಡಲಿಲ್ಲ. ತಾನೇ ಬಗ್ಗಿ ಮಾವನ ಎರಡೂ ಪಾದಗಳಿಗೆ ನೀರು ಹಾಕಿ, ಕೈಯಿಂದ ತೊಳೆದ. ಚೊಂಬು ಬರಿದಾದ ಮೇಲೂ ತಲೆಯೆತ್ತದೆ ಹಾಗೇ ಕೂತಿದ್ದ. ಏಳಪ್ಪ, ಜನ ನೋಡುತ್ತಿದ್ದಾರೆ ಎಂದು ಸಣ್ಣಯ್ಯನವರು ಮೆಲ್ಲಗೆ ಗದರಿದರು.